ಸರ್ವರಿನ ಹಾರ್ಡ್ ಡಿಸ್ಕ್ ಪೂರ್ತಿ ಕೆಡುವ ಮುನ್ನ: ಸ್ಮಾರ್ಟ್‌ಮಾನ್‌ಟೂಲ್ಸ್ ವಿಮರ್ಶೆ

ಹಲವು ಡಿಸ್ಕ್‌ಗಳನ್ನು ಸೇರಿಸಿ, ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಕಟ್ಟಿದ ರೇಡ್ ಜೋಡಣೆಯಲ್ಲಿ ಹಾರ್ಡ್ ಡಿಸ್ಕೊಂದು ಪೂರ್ತಿ ನಿಂತುಹೋದರೆ ಅದನ್ನು ಪತ್ತೆಮಾಡುವುದು ಕಷ್ಟವಲ್ಲ. ಡಿಸ್ಕ್‌ಗಳನ್ನು ನಿಯಂತ್ರಿಸುವ ಕಂಟ್ರೋಲರ್ ಅದನ್ನು ಜೋಡಣೆಯಿಂದ ಹೊರಗಿಡುತ್ತದೆ, ಸ್ಲಾಟಿನ ಎಚ್ಚರಿಕೆಯ ದೀಪ ಹತ್ತುತ್ತದೆ, ಬದಲಿ ಡಿಸ್ಕ್ ಹಾಕಿದರೆ ಅದರಲ್ಲಿ ದತ್ತಾಂಶವನ್ನು ಮತ್ತೆ ಕಟ್ಟುವ ರೀಬಿಲ್ಡ್ ಆರಂಭವಾಗುತ್ತದೆ. ನಿಜವಾದ ಕಷ್ಟವಿರುವುದು ಕೆಡುತ್ತಿರುವ, ಆದರೆ ಇನ್ನೂ ಕೆಲಸ ಮಾಡುತ್ತಲೇ ಇರುವ ಡಿಸ್ಕಿನ ವಿಷಯದಲ್ಲಿ. ಅಂಥ ಡಿಸ್ಕ್ ಒಂದೊಂದು ಸೆಕ್ಟರನ್ನು (ದತ್ತಾಂಶ ಇಡುವ ಚಿಕ್ಕ ಜಾಗವನ್ನು) ಓದಲು ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ, ಜೊತೆಯ ಡಿಸ್ಕ್‌ಗಳೆಲ್ಲ ಅದಕ್ಕಾಗಿ ಕಾಯುತ್ತವೆ, ಡೇಟಾಬೇಸ್ ನಿಧಾನವಾಗಿದೆ ಎಂದು ಬಳಕೆದಾರರು ದೂರುತ್ತಾರೆ. ಇಷ್ಟಾದರೂ ಜೋಡಣೆಯ ಸ್ಥಿತಿ ಕೇಳಿದರೆ ಎಲ್ಲವೂ ಸರಿಯಿದೆ ಎಂದೇ ಉತ್ತರ ಬರುತ್ತದೆ. ಈ ಹಂತದಲ್ಲಿ ತಪ್ಪು ಯಾವ ಡಿಸ್ಕಿನದು ಎಂದು ತಿಳಿಯಲು ನಾನು ಹೆಚ್ಚು ನೆಚ್ಚಿಕೊಂಡಿರುವುದು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಮುಕ್ತ ತಂತ್ರಾಂಶವನ್ನು. ಲಿನಕ್ಸ್ ಸರ್ವರ್‌ಗಳಲ್ಲಿ ಹಲವು ವರ್ಷ ಅದನ್ನು ಬಳಸಿದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೈಕಲ್ ಕಾರ್ನ್‌ವೆಲ್ ಅವರ ಸ್ಮಾರ್ಟ್‌ಸೂಟ್ ಎಂಬ ಹಳೆಯ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು ಬ್ರೂಸ್ ಆಲನ್ 2002ರಲ್ಲಿ ಇದನ್ನು ಆರಂಭಿಸಿದರು; ಅನಂತರ ಕ್ರಿಸ್ಟಿಯನ್ ಫ್ರಾಂಕೆ ಇದನ್ನು ಮುನ್ನಡೆಸಿಕೊಂಡು ಬಂದಿದ್ದಾರೆ. ಇದರಲ್ಲಿ ಎರಡು ಭಾಗಗಳಿವೆ. ಸ್ಮಾರ್ಟ್‌ಸಿಟಿಎಲ್ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಟ್ಟುಕೊಳ್ಳುವ ‘ಸ್ಮಾರ್ಟ್’ ಎಂಬ ದಾಖಲೆಯನ್ನು ನಾವು ಕೇಳಿದಾಗ ಓದಿ ತೋರಿಸುತ್ತದೆ. ಸ್ಮಾರ್ಟ್‌ಡಿ ಹಿನ್ನೆಲೆಯಲ್ಲಿ ಓಡುತ್ತ ಬದಲಾವಣೆ ಕಂಡಾಗ ತಾನಾಗಿಯೇ ತಿಳಿಸುತ್ತದೆ.

ಹೊಸಬರು ಸ್ಮಾರ್ಟ್‌ಸಿಟಿಎಲ್ ಓಡಿಸಿದಾಗ ಮೊದಲು ನೋಡುವುದು ಡಿಸ್ಕಿನ ಒಟ್ಟು ಆರೋಗ್ಯ ‘ಪಾಸ್ಡ್’ ಎನ್ನುವ ಸಾಲನ್ನು. ಇಡೀ ವರದಿಯಲ್ಲಿ ಅತಿ ಕಡಿಮೆ ಬೆಲೆಯ ಸಾಲು ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ತೀರ್ಪು ಕೊಡುವುದು ತಂತ್ರಾಂಶವಲ್ಲ, ಡಿಸ್ಕೇ. ತಯಾರಕರು ನಿಗದಿಪಡಿಸಿದ ಮಿತಿಗಿಂತ ದಾಖಲೆಯ ಯಾವುದಾದರೂ ಮುಖ್ಯ ಅಂಕ (ಸಂಖ್ಯೆಯಿಂದ ಗುರುತಿಸುವ ಅಳತೆ) ಕೆಳಗಿಳಿಯುವವರೆಗೆ ಡಿಸ್ಕ್ ತನ್ನನ್ನು ತಾನು ಆರೋಗ್ಯವಂತ ಎಂದೇ ಹೇಳಿಕೊಳ್ಳುತ್ತದೆ, ಆ ಮಿತಿಗಳಾದರೋ ಬಹಳ ಸಡಿಲವಾಗಿರುತ್ತವೆ. ನಾನು ಬದಲಾಯಿಸಿದ ಡಿಸ್ಕ್‌ಗಳಲ್ಲಿ ಹೆಚ್ಚಿನವು ಹೊರತೆಗೆಯುವ ದಿನವೂ ‘ಪಾಸ್ಡ್’ ಎಂದೇ ಹೇಳುತ್ತಿದ್ದವು. ಇದನ್ನು ತಂತ್ರಾಂಶದ ದೋಷವೆಂದು ಎಣಿಸಲಾಗದು, ಏಕೆಂದರೆ ಅದು ಆ ಸಾಲಿನ ಕೆಳಗೇ ಸಾಕ್ಷ್ಯವನ್ನೆಲ್ಲ ಮುಚ್ಚಿಡದೆ ಇಡುತ್ತದೆ.

ಸಾಟಾ ಎಂಬ ಸಾಮಾನ್ಯ ಬಗೆಯ ಸಂಪರ್ಕದ ಡಿಸ್ಕ್‌ಗಳಲ್ಲಿ ನಾನು ನೇರವಾಗಿ ಹೋಗಿ ನೋಡುವುದು ಕೆಲವೇ ಅಂಕಗಳ ಮೂಲ ಮೌಲ್ಯವನ್ನು, ಅಂದರೆ ಮಿತಿಯೊಡನೆ ಹೋಲಿಸಲು ಮಾರ್ಪಡಿಸದ ನೇರ ಎಣಿಕೆಯನ್ನು. 5ನೆಯದು ಕೆಟ್ಟ ಸೆಕ್ಟರುಗಳ ಬದಲಿಗೆ ಮೀಸಲು ಜಾಗದಿಂದ ಎಷ್ಟು ಸೆಕ್ಟರುಗಳನ್ನು ಕೊಡಲಾಗಿದೆ ಎನ್ನುತ್ತದೆ. 197ನೆಯದು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರುಗಳ ಲೆಕ್ಕ. 187 ಮತ್ತು 198 ಸರಿಪಡಿಸಲಾಗದ ದೋಷಗಳನ್ನು ಹೇಳುತ್ತವೆ. ಇವುಗಳಲ್ಲಿ 197ರ ನಡವಳಿಕೆಯನ್ನು ಅರ್ಥಮಾಡಿಕೊಳ್ಳದೆ ರೇಡ್ ಜೋಡಣೆಯ ರೋಗವನ್ನು ಹಿಡಿಯಲಾಗದು. ಒಂದು ಸೆಕ್ಟರನ್ನು ಓದಲಾಗದಿದ್ದಾಗ ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಉಳಿದ ಡಿಸ್ಕ್‌ಗಳಿಂದ ಆ ದತ್ತಾಂಶವನ್ನು ಲೆಕ್ಕಹಾಕಿ ಅದೇ ಜಾಗಕ್ಕೆ ಮತ್ತೆ ಬರೆಯುತ್ತದೆ. ಬರೆದದ್ದು ಸರಿಯಾಗಿ ಉಳಿದರೆ 197ರ ಲೆಕ್ಕ ಇಳಿಯುತ್ತದೆ, ಉಳಿಯದಿದ್ದರೆ ಆ ಸೆಕ್ಟರಿಗೆ ಬದಲಿ ಜಾಗ ಸಿಕ್ಕಿ 5ರ ಲೆಕ್ಕ ಏರುತ್ತದೆ. ಹೀಗೆ ಜೋಡಣೆಯೇ ತನ್ನ ಗಾಯವನ್ನು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತ ಹೋಗುವುದರಿಂದ ಒಂದು ದಿನದ ವರದಿ ಏನನ್ನೂ ಹೇಳದಿರಬಹುದು. ವಾರದಿಂದ ವಾರಕ್ಕೆ ಆ ಅಂಕಗಳು ಹೇಗೆ ನಡೆದಿವೆ ಎಂಬುದನ್ನೂ, ಓದುವ ದೋಷ ಸರಿಪಡಿಸಲಾಯಿತೆಂದು ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಲಾಗಿನಲ್ಲಿ ಬರೆದ ಸಾಲುಗಳನ್ನೂ ಜೊತೆಗಿಟ್ಟು ಓದಬೇಕು. ಹತ್ತು ಬದಲಿ ಸೆಕ್ಟರುಗಳಿದ್ದು ವರ್ಷವಿಡೀ ಹತ್ತೇ ಆಗಿ ಉಳಿದ ಡಿಸ್ಕಿಗಿಂತ, ಮೊನ್ನೆ ಸೊನ್ನೆಯಿದ್ದು ಇಂದು ನಾಲ್ಕಾಗಿರುವ ಡಿಸ್ಕ್ ನನಗೆ ಹೆಚ್ಚು ಆತಂಕ ತರುತ್ತದೆ.

199ನೆಯ ಅಂಕದ ಮಾತು ಬೇರೆ. ಅದು ಡಿಸ್ಕಿಗೂ ಕಂಟ್ರೋಲರಿಗೂ ನಡುವಿನ ದಾರಿಯಲ್ಲಿ ಕೆಟ್ಟುಹೋದ ದತ್ತಾಂಶದ ಲೆಕ್ಕವಾದ್ದರಿಂದ, ಅದೊಂದೇ ಏರುತ್ತಿದ್ದರೆ ಡಿಸ್ಕನ್ನು ಬದಲಾಯಿಸುವ ಮುನ್ನ ಕೇಬಲ್ ಮತ್ತು ಡಿಸ್ಕ್‌ಗಳನ್ನು ಸಿಕ್ಕಿಸುವ ಫಲಕವಾದ ಬ್ಯಾಕ್‌ಪ್ಲೇನ್ ನೋಡುವುದು ಒಳ್ಳೆಯದು. ಈ ಲೆಕ್ಕ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. ಕೇಬಲ್ ಬದಲಾಯಿಸಿದ ಮೇಲೆ ಅದು ಏರದೆ ನಿಂತಿತೇ ಎಂಬುದನ್ನಷ್ಟೇ ಗಮನಿಸಬೇಕು.

ಹಾರ್ಡ್‌ವೇರ್ ರೇಡ್ ಇರುವ ಸರ್ವರ್‌ಗಳಲ್ಲಿ ಈ ತಂತ್ರಾಂಶದ ಸಾಮರ್ಥ್ಯ ಎದ್ದು ಕಾಣುತ್ತದೆ. ಅಲ್ಲಿ ಆಪರೇಟಿಂಗ್ ಸಿಸ್ಟಮ್ಮಿಗೆ ಕಾಣುವುದು ಕಂಟ್ರೋಲರ್ ಕಟ್ಟಿಕೊಟ್ಟ ಒಂದೇ ದೊಡ್ಡ ಡಿಸ್ಕ್. ಮೆಗಾರೇಡ್, ಎಚ್‌ಪಿ ಸ್ಮಾರ್ಟ್ ಅರೇ, ಥ್ರೀವೇರ್, ಅರೆಕಾ ಮುಂತಾದ ಕಂಟ್ರೋಲರುಗಳ ಹಿಂದಿರುವ ಒಂದೊಂದು ಡಿಸ್ಕನ್ನೂ ಸ್ಮಾರ್ಟ್‌ಸಿಟಿಎಲ್ ನೇರವಾಗಿ ಮಾತನಾಡಿಸಬಲ್ಲದು. ಕಂಟ್ರೋಲರಿನ ಬಗೆಯನ್ನೂ ಡಿಸ್ಕಿನ ಸಂಖ್ಯೆಯನ್ನೂ ನಾವು ತಿಳಿಸಬೇಕು. ಆದರೆ ಮೆಗಾರೇಡ್‌ನಲ್ಲಿ ಹೀಗೆ ಕೊಡುವುದು ಡಿಸ್ಕಿನ ಐಡಿಯನ್ನು, ಸ್ಲಾಟಿನ ಸಂಖ್ಯೆಯನ್ನಲ್ಲ, ಎರಡೂ ಒಂದೇ ಆಗಿರಬೇಕೆಂದೇನೂ ಇಲ್ಲ. ಆದ್ದರಿಂದ ವರದಿಯಲ್ಲಿ ಬರುವ ಸೀರಿಯಲ್ ನಂಬರನ್ನು ಬರೆದುಕೊಂಡು, ಡಿಸ್ಕಿನ ಟ್ರೇಯ ಮೇಲೂ ಅದೇ ನಂಬರಿನ ಚೀಟಿ ಅಂಟಿಸಿಟ್ಟು, ಸಾಧ್ಯವಿದ್ದಲ್ಲಿ ಕಂಟ್ರೋಲರಿನ ತಂತ್ರಾಂಶದಿಂದ ಆ ಸ್ಲಾಟಿನ ದೀಪವನ್ನು ಮಿನುಗಿಸಿ ನೋಡಿದ ಮೇಲೆಯೇ ಕೈ ಹಾಕಬೇಕು. ರೇಡ್ 5 ಒಂದು ಡಿಸ್ಕ್ ಹೋದರೆ ಮಾತ್ರ ತಾಳುವ ಬಗೆ; ಈಗಾಗಲೇ ಒಂದನ್ನು ಕಳೆದುಕೊಂಡಿರುವ ಅಂಥ ಜೋಡಣೆಯಿಂದ ಚೆನ್ನಾಗಿರುವ ಡಿಸ್ಕನ್ನು ಎಳೆದರೆ ಜೋಡಣೆಯೇ ಬಿದ್ದುಹೋಗುತ್ತದೆ.

ಸರ್ವರ್‌ಗಳಲ್ಲಿ ಬಳಸುವ ಸ್ಯಾಸ್ ಎಂಬ ಬೇರೆ ಬಗೆಯ ಸಂಪರ್ಕದ ಡಿಸ್ಕ್‌ಗಳಲ್ಲಿ ಮೇಲಿನ ಅಂಕಗಳ ಪಟ್ಟಿಯೇ ಇರುವುದಿಲ್ಲ. ಅಲ್ಲಿ ಬೆಳೆಯುತ್ತಿರುವ ದೋಷಪಟ್ಟಿಯ ಗಾತ್ರವನ್ನೂ ಸರಿಪಡಿಸಲಾಗದ ದೋಷಗಳ ಮೊತ್ತವನ್ನೂ ನೋಡಬೇಕು.

ಡಿಸ್ಕಿನೊಳಗಿನ ದೀರ್ಘ ಪರೀಕ್ಷೆಯನ್ನು ಆರಂಭಿಸುವುದು ಇನ್ನೊಂದು ಮುಖ್ಯ ಅನುಕೂಲ. ಡಿಸ್ಕ್ ತನ್ನ ಮೇಲ್ಮೈಯನ್ನೆಲ್ಲ ತಾನೇ ಓದುತ್ತದೆ, ಓದಲಾಗದ ಮೊದಲ ಜಾಗದ ವಿಳಾಸವನ್ನು ದಾಖಲಿಸುತ್ತದೆ. ವಾರಂಟಿ ಕೇಳುವಾಗಲೂ ಈ ದಾಖಲೆ ಬಲವಾದ ಆಧಾರ. ದೊಡ್ಡ ಡಿಸ್ಕ್‌ಗಳಿಗೆ ಇದು ಹಲವು ಗಂಟೆ ಹಿಡಿಯುತ್ತದೆ, ಆದರೆ ಆ ಹೊತ್ತಿನಲ್ಲೂ ಡಿಸ್ಕ್ ಸೇವೆಯಲ್ಲೇ ಇರುತ್ತದೆ.

ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್‌ಗಳನ್ನು ಸರ್ವರಿನಲ್ಲಿ ಬಳಸುವವರು ದೋಷ ತಿದ್ದುವ ಕಾಲಮಿತಿಯನ್ನೂ ಇದೇ ತಂತ್ರಾಂಶದಿಂದ ಪರೀಕ್ಷಿಸಿಕೊಳ್ಳಬೇಕು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಮಾತ್ರ ಕಾಯುತ್ತದೆ. ಡಿಸ್ಕ್ ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಸೆಕ್ಟರಿನೊಡನೆ ಹೆಣಗಿದರೆ ಒಂದು ಸಣ್ಣ ದೋಷಕ್ಕಾಗಿ ಇಡೀ ಡಿಸ್ಕ್ ಜೋಡಣೆಯಿಂದ ಹೊರಬೀಳಬಹುದು. ಡಿಸ್ಕ್ ಒಪ್ಪುವುದಾದರೆ ಮಿತಿಯನ್ನು 7 ಸೆಕೆಂಡಿಗೆ ಇಳಿಸಬಹುದು, ಆದರೆ ವಿದ್ಯುತ್ ಹೋಗಿ ಬಂದರೆ ಆ ಬದಲಾವಣೆ ಅಳಿಸಿಹೋಗುತ್ತದೆಯಾದ್ದರಿಂದ ಪ್ರತಿ ಬೂಟಿನಲ್ಲೂ ಮತ್ತೆ ಹೊಂದಿಸಬೇಕು.

ಕೊರತೆಗಳೂ ಇವೆ. ಸ್ಮಾರ್ಟ್‌ಡಿಯ ಸಂರಚನೆಯ ಭಾಷೆ ತೀರ ಬಿಗಿಯಾಗಿದ್ದು, ಪರೀಕ್ಷೆಯ ವೇಳಾಪಟ್ಟಿ ಬರೆಯುವ ವಿಧಾನ ಕೈಪಿಡಿಯನ್ನು ತೆರೆದಿಟ್ಟುಕೊಳ್ಳದೆ ನೆನಪಾಗುವುದಿಲ್ಲ. ಡೆಬಿಯನ್‌ನಲ್ಲಿ ಅದು ಮೊದಲಿಗೇ ಹೊಂದಿಕೊಂಡಿರುವುದು ಅದೇ ಯಂತ್ರದ ರೂಟ್ ಖಾತೆಗೆ ಮಿಂಚಂಚೆ ಕಳಿಸುವಂತೆ. ಆ ಅಂಚೆಯನ್ನು ಬೇರೆಡೆಗೆ ತಿರುಗಿಸದಿದ್ದರೆ ಎಚ್ಚರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷಾರ್ಥ ಸಂದೇಶ ಕಳಿಸುವ ಸೌಲಭ್ಯ ಅದರಲ್ಲೇ ಇದೆ, ಹೊಂದಿಸಿದ ದಿನವೇ ಅದನ್ನು ಬಳಸಬೇಕು. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೆಯ ಅಂಕಗಳು ಕೋಟಿಗಟ್ಟಲೆ ಕಾಣುತ್ತವೆ. ಒಟ್ಟು ಕಾರ್ಯಗಳ ಲೆಕ್ಕವನ್ನೂ ದೋಷಗಳ ಲೆಕ್ಕವನ್ನೂ ಒಂದೇ ಸಂಖ್ಯೆಯಲ್ಲಿ ಸೇರಿಸಿರುವುದು ಇದಕ್ಕೆ ಕಾರಣ. ಇದನ್ನು ತಿಳಿಯದವರು ಒಳ್ಳೆಯ ಡಿಸ್ಕನ್ನು ಎಸೆಯಬಹುದು, ವರದಿ ಅಲ್ಲೊಂದು ವಿವರಣೆ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. 7.0 ಆವೃತ್ತಿಯಿಂದ, ಬೇರೆ ತಂತ್ರಾಂಶಗಳು ಸುಲಭವಾಗಿ ಓದಬಲ್ಲ ಜೇಸನ್ ರೂಪದಲ್ಲೂ ವರದಿ ಸಿಗುವುದರಿಂದ ಅಂಕಗಳನ್ನು ಬೇರೆ ನಿಗಾ ವ್ಯವಸ್ಥೆಗೆ ಕಳಿಸಿ ನಕ್ಷೆಯಾಗಿ ನೋಡುವುದು ಸುಲಭವಾಗಿದೆ.

ಇದಕ್ಕಿಂತ ದೊಡ್ಡ ಮಿತಿ ಡಿಸ್ಕ್‌ಗಳದೇ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಕುರಿತು ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ (ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಸಿಗುವ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಆ ಅಧ್ಯಯನ ಗುರುತಿಸಿದ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಸೂಚನೆ ಬಂದರೆ ನಂಬಬೇಕು, ಬರಲಿಲ್ಲವೆಂದು ಬ್ಯಾಕಪ್ ಬಿಡಬಾರದು.

ಆದರೂ ಮುಂಚಿತವಾಗಿ ತಿಳಿಯುವುದರ ಲಾಭ ದೊಡ್ಡದು. ಡಿಸ್ಕ್ ಪೂರ್ತಿ ಸತ್ತ ಮೇಲೆ ರೇಡ್ 5ನ್ನು ರೀಬಿಲ್ಡ್ ಮಾಡುವಾಗ ಉಳಿದ ಡಿಸ್ಕ್‌ಗಳ ಪ್ರತಿಯೊಂದು ಸೆಕ್ಟರೂ ಓದಲು ಸಿಗಲೇಬೇಕು, ಅದುವರೆಗೆ ಜೋಡಣೆಗೆ ಯಾವ ರಕ್ಷಣೆಯೂ ಇರುವುದಿಲ್ಲ. ಡಿಸ್ಕ್ ಇನ್ನೂ ಉಸಿರಾಡುತ್ತಿರುವಾಗಲೇ ಗುರುತಿಸಿದರೆ ಮೊದಲು ಉಳಿದ ಡಿಸ್ಕ್‌ಗಳ ಮೇಲೆ ದೀರ್ಘ ಪರೀಕ್ಷೆ ನಡೆಸಬಹುದು. ಆಮೇಲೆ ಲಿನಕ್ಸ್ ಸಾಫ್ಟ್‌ವೇರ್ ರೇಡ್‌ನ ಬದಲಾವಣೆಯ ಆದೇಶ ಕೊಟ್ಟು, ಹಳೆಯ ಡಿಸ್ಕನ್ನು ಜೋಡಣೆಯಲ್ಲೇ ಉಳಿಸಿಕೊಂಡು ಅದರ ದತ್ತಾಂಶವನ್ನು ಹೊಸದಕ್ಕೆ ನಕಲು ಮಾಡಿಸಬಹುದು. ಹಳೆಯದರಲ್ಲಿ ಓದಲಾಗದ ಸೆಕ್ಟರುಗಳನ್ನು ಮಾತ್ರ ಉಳಿದ ಡಿಸ್ಕ್‌ಗಳು ತುಂಬಿಕೊಡುತ್ತವೆ, ನಕಲು ಮುಗಿದ ಮೇಲೆಯೇ ಹಳೆಯದು ಹೊರಗೆ ಬರುತ್ತದೆ.