ಪಂಪ್ ಹೋಗಿದೆ, ಸೆನ್ಸರ್ ಹೋಗಿದೆ ಅಂದರೆ ಮೊದಲು ಅಳತೆ ಕೇಳಿ

ಹಳೆಯ ಚಿಕ್ಕ ಪೆಟ್ರೋಲ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೂರು ತಿಂಗಳು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆದೆ. ಸರಿ ಇದ್ದ ಭಾಗಗಳನ್ನು ತೆಗೆಸಿ ಹೊಸದು ಹಾಕಿಸಿದೆ. ಅದಾದರೂ ಹೋಗಲಿ, ಆ ರಿಪೇರಿ ಮಧ್ಯೆ ಒಂದು ದಿನ ಕಾರಿಗೆ ಬೆಂಕಿ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತು, ಆಗ ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು.

ತೊಂದರೆ ಶುರುವಾಗಿದ್ದು ಹೀಗೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು, ಐಡ್ಲಿಂಗ್ ಚೆನ್ನಾಗಿತ್ತು, ಮೊದಲ ಹದಿನೈದು ಇಪ್ಪತ್ತು ನಿಮಿಷ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಏರು ಬಂದು ಎಕ್ಸಲರೇಟರ್ ಒತ್ತಿದರೆ ಪಿಕಪ್ ಇಲ್ಲ, ಗಾಡಿ ಜಗ್ಗುತ್ತದೆ, ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗೆ. ಅರ್ಧ ಗಂಟೆ ನಿಲ್ಲಿಸಿ ಹೊರಟರೆ ಮತ್ತೆ ಸರಿ. ಒಂದು ವಾರದಲ್ಲಿ ಇಂಜಿನ್ ಲೈಟೂ ಹತ್ತಿಕೊಂಡಿತು.

ಮೊದಲ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ 0171 ಅಂತ ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್" ಅಂದರು, ಹೊಸದು ಹಾಕಿದರು, ಕೋಡ್ ಅಳಿಸಿದರು. ನಾಲ್ಕು ದಿನ ಲೈಟ್ ಬರಲಿಲ್ಲ. ಐದನೇ ದಿನ ಮತ್ತೆ ಬಂತು.

ಆ ಕೋಡ್ ಏನು ಹೇಳುತ್ತದೆ ಅಂತ ಆಮೇಲೆ ಕೂತು ಓದಿದೆ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಉಳಿದಿದ್ದರೆ ಹಳೆ ಕಾರಿನ ಮಾಮೂಲಿ ಆಕ್ಸಿಜನ್ ಸೆನ್ಸರ್ 0.45 ವೋಲ್ಟಿಗಿಂತ ಕಡಿಮೆ ತೋರಿಸುತ್ತದೆ. ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಆಗ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತದೆ. ಹೀಗೆ ಎಷ್ಟು ಹೆಚ್ಚಿಸಿತು, ಎಷ್ಟು ಇಳಿಸಿತು ಅನ್ನುವ ಲೆಕ್ಕವೇ ಫ್ಯೂಯಲ್ ಟ್ರಿಮ್. ಅದು ಒಂದು ಮಿತಿ ದಾಟಿದರೆ ಲೈಟ್ ಹತ್ತುತ್ತದೆ. ಅಂದರೆ ಒಳಗೆ ಹೋಗುವ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅಂತಷ್ಟೇ ಆ ಕೋಡ್ ಹೇಳಿದ್ದು. ಯಾವ ಭಾಗ ಹಾಳಾಗಿದೆ ಅಂತ ಹೇಳಿರಲಿಲ್ಲ. ನನ್ನ ಹಳೆ ಸೆನ್ಸರ್ ನಿಜ ಹೇಳುತ್ತಿತ್ತು, ನಾವು ಅದನ್ನೇ ಕಿತ್ತು ಹಾಕಿದೆವು.

ಅದಕ್ಕಿಂತ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ, ಎಷ್ಟು ಲೋಡ್ ಅಂತ ಇಸಿಯು ಒಂದು ದಾಖಲೆ ಇಟ್ಟಿರುತ್ತದೆ, ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ನನ್ನ ಕಾರಿನದ್ದನ್ನು ಯಾರೂ ನೋಡದೆ ಅಳಿಸಿದರು. ನೋಡಿದ್ದರೆ ಬಿಸಿ ಇಂಜಿನ್, ಜಾಸ್ತಿ ಲೋಡ್ ಅಂತ ಅವತ್ತೇ ಗೊತ್ತಾಗುತ್ತಿತ್ತು. ಅಳಿಸುವ ಮೊದಲು ಆ ಪರದೆಯ ಫೋಟೋ ತೆಗೆದುಕೊಳ್ಳಿ, ಬೇಡ ಅಂದರೂ ಬಿಡಬೇಡಿ.

ಎರಡನೇ ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ ಬದಲಾಯಿಸಿ, ಇಂಜೆಕ್ಟರ್ ಕಟ್ಟಿಕೊಂಡಿವೆ ಅಂತ ನಾಲ್ಕನ್ನೂ ಬಿಚ್ಚಿ ಕ್ಲೀನ್ ಮಾಡಿದರು. ಅದಕ್ಕೂ ಮೊದಲು ಅವುಗಳ ರೆಸಿಸ್ಟೆನ್ಸ್ ನೋಡಲಿಲ್ಲ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತದೆ, ನಾಲ್ಕರಲ್ಲೂ ಹತ್ತಿರ ಹತ್ತಿರ ಒಂದೇ ಬರಬೇಕು. ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು ಟಿಕ್ ಟಿಕ್ ಶಬ್ದ ಕೇಳಿದರೆ ಅದು ತೆರೆದು ಮುಚ್ಚುತ್ತಿದೆಯಾ ಅಂತಾದರೂ ಗೊತ್ತಾಗುತ್ತದೆ. ಅದನ್ನೂ ಮಾಡಲಿಲ್ಲ. ನನಗೂ ಆಗ ಕೇಳಬೇಕು ಅಂತ ಹೊಳೆಯಲಿಲ್ಲ. ಇಪ್ಪತ್ತು ನಿಮಿಷ ಆದಮೇಲೆ ನಾಲ್ಕು ಇಂಜೆಕ್ಟರೂ ಒಟ್ಟಿಗೆ ಕಟ್ಟಿಕೊಂಡು, ಅರ್ಧ ಗಂಟೆ ನಿಂತರೆ ಒಟ್ಟಿಗೆ ಬಿಟ್ಟುಕೊಳ್ಳುತ್ತವಾ?

ಮಾರನೇ ದಿನ ಅಮ್ಮ ಹಿಂದಿನಿಂದ "ಪೆಟ್ರೋಲ್ ವಾಸನೆ ಬರ್ತಿದೆ ಕಣೋ, ನಿಲ್ಲಿಸು" ಅಂದರು. ಈಗಷ್ಟೇ ಕೆಲಸ ಮಾಡಿಸಿದ್ದೇವಲ್ಲ, ಅದರದ್ದೇ ವಾಸನೆ ಇರಬೇಕು ಅಂದುಕೊಂಡು ನಾನು ಇನ್ನೂ ಸ್ವಲ್ಪ ದೂರ ಓಡಿಸಿದೆ. ಅದು ನನ್ನ ತಪ್ಪು. ಅವರು ಮತ್ತೆ ಗದರಿದ ಮೇಲೆ ನಿಲ್ಲಿಸಿ ಬಾನೆಟ್ ತೆಗೆದರೆ ಎರಡನೇ ಇಂಜೆಕ್ಟರ್ ಮೇಲ್ಭಾಗದಿಂದ ಪೆಟ್ರೋಲ್ ಜಿನುಗಿ ಇಂಜಿನ್ ಮೇಲೆ ಇಳಿಯುತ್ತಿತ್ತು. ಬಿಸಿಗೆ ಆವಿ ಏಳುವುದು ಕಣ್ಣಿಗೆ ಕಾಣುತ್ತಿತ್ತು. ಅಮ್ಮನನ್ನು ಇಳಿಸಿ ದೂರ ಕರೆದುಕೊಂಡು ಹೋದೆ, ಕಾರನ್ನು ಟೋ ಮಾಡಿಸಿದೆ. ಇಂಜೆಕ್ಟರ್ ತುದಿಯ ರಬ್ಬರ್ ಓ ರಿಂಗ್‌ಗಳನ್ನು ಹಳೆಯದೇ ಹಾಕಿದ್ದರಂತೆ. ವರ್ಷಗಟ್ಟಲೆ ಬಿಸಿಯಲ್ಲಿ ಗಟ್ಟಿಯಾಗಿ ಚಪ್ಪಟೆಯಾದ ರಬ್ಬರ್ ಒಮ್ಮೆ ಬಿಚ್ಚಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಅದರ ಹಿಂದೆ 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ನಿಂತಿರುತ್ತದೆ. ಇಂಜೆಕ್ಟರ್ ಬಿಚ್ಚಿಸಿದರೆ ಹೊಸ ಓ ರಿಂಗ್ ಹಾಕಿದ್ದನ್ನು ಎದುರಿಗೆ ನಿಂತು ನೋಡಿ. ಕೀ ಹಾಕಿ ಒತ್ತಡ ಬರಿಸಿ, ಟಾರ್ಚ್ ಬೆಳಕು ಬಿಟ್ಟು ಒಂದೊಂದೇ ಇಂಜೆಕ್ಟರಿನ ಮೇಲ್ಭಾಗ ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿಸಿ. ವಾಸನೆ ಬಂದರೆ ಅಲ್ಲೇ ನಿಲ್ಲಿಸಿ, ನನ್ನ ಹಾಗೆ ಓಡಿಸಬೇಡಿ.

ಮೂರನೇ ಜಾಗದಲ್ಲಿ ಕಡೆಗೂ ಅಳತೆ ಮಾಡಿದರು. ಆದರೆ ಎರಡು ಸಲವೂ ತಪ್ಪು ಹೊತ್ತಿನಲ್ಲಿ ಮಾಡಿದರು. ಪೆಟ್ರೋಲ್ ಲೈನಿಗೆ ಪ್ರೆಶರ್ ಗೇಜ್ ಹಾಕಿ, ನಿಂತ ಗಾಡಿಯಲ್ಲಿ, ಐಡ್ಲಿಂಗ್‌ನಲ್ಲಿ ನೋಡಿದರು. 3 ಬಾರ್ ಬಂತು, ಅದು ಸರಿಯೇ. ಐಡ್ಲಿಂಗ್‌ನಲ್ಲಿ ಇಂಜಿನ್ ಕುಡಿಯುವ ಪೆಟ್ರೋಲ್ ತೀರಾ ಕಡಿಮೆ, ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪ್ ಸುಸ್ತಾಗಿದ್ದರೂ ಅಷ್ಟನ್ನು ಕೊಡುತ್ತದೆ. ಆಮೇಲೆ ಪಂಪಿನ ಕನೆಕ್ಟರ್ ಕಿತ್ತು ಮಲ್ಟಿಮೀಟರ್ ಇಟ್ಟರು. 12.4 ವೋಲ್ಟ್. "ವೈರಿಂಗ್ ಪಕ್ಕಾ ಇದೆ, ಬಿಸಿಯಾದಾಗ ಪಂಪ್ ಸೋಲುತ್ತಿದೆ" ಅಂತ ಹೊಸ ಪಂಪ್ ಹಾಕಿದರು. ಹತ್ತು ದಿನ ಸ್ವಲ್ಪ ವಾಸಿ ಅನ್ನಿಸಿತು. ಆಮೇಲೆ ಅದೇ ಏರು, ಅದೇ ಜಗ್ಗಾಟ. ಈಗ ಇಸಿಯು ಬದಲಾಯಿಸೋಣ ಅಂದರು. ಅಲ್ಲಿಗೆ ನಾನು ಸಾಕು ಅಂದೆ.

ಕನೆಕ್ಟರ್ ಕಿತ್ತು ನೋಡಿದ ಆ 12.4 ವೋಲ್ಟ್ ಇದೆಯಲ್ಲ, ನನಗೆ ಮೋಸ ಮಾಡಿದ್ದು ಅದೇ. ಕಿತ್ತಾಗ ಕರೆಂಟ್ ಹರಿಯುವುದಿಲ್ಲ. ಕರೆಂಟ್ ಹರಿಯದಿದ್ದರೆ ಎಷ್ಟೇ ಕಿಲುಬು ಹಿಡಿದ ವೈರ್ ಆದರೂ ಮೀಟರ್ ಪೂರ್ತಿ ವೋಲ್ಟ್ ತೋರಿಸುತ್ತದೆ.

ಕೊನೆಗೆ ಪರಿಚಯದವರೊಬ್ಬರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಕಳಿಸಿದರು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಯಾವಾಗ ಆಗುತ್ತದೆ, ಎಷ್ಟು ಹೊತ್ತಿನ ಮೇಲೆ, ಯಾವ ಗೇರಿನಲ್ಲಿ ಅಂತ ಹತ್ತು ನಿಮಿಷ ಕೇಳಿದರು. ಮೂರು ತಿಂಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಸ್ಕ್ಯಾನರ್ ಹಾಕಿಕೊಂಡೇ ಏರಿಗೆ ಹೊರಟೆವು, ಗೇಜನ್ನು ಬಾನೆಟ್ ಹೊರಗೆ ವೈಪರ್ ಹತ್ತಿರ ಭದ್ರವಾಗಿ ಕಟ್ಟಿದ್ದರು (ಪೆಟ್ರೋಲ್ ತುಂಬಿದ ಗೇಜನ್ನು ಕಾರಿನ ಒಳಗೆ ತರಲೇಬಾರದು). ಐಡ್ಲಿಂಗ್‌ನಲ್ಲಿ ಟ್ರಿಮ್ 3 ಶೇಕಡಾ ಹೆಚ್ಚು, ಅದು ಮಾಮೂಲು. ಬಿಸಿಯಾಗಿ ಏರು ಹತ್ತುವಾಗ 24. ಗೇಜಿನ ಮುಳ್ಳು 3ರಿಂದ 2.1ಕ್ಕೆ ಇಳಿಯಿತು.

ವಾಪಸ್ ಬಂದು, ಬಿಸಿ ಆರುವ ಮೊದಲೇ ಹಿಂದಿನ ಸೀಟ್ ಎತ್ತಿ, ಬಾಗಿಲುಗಳನ್ನೆಲ್ಲ ತೆಗೆದಿಟ್ಟು, ಅದರ ಕೆಳಗಿದ್ದ ಪಂಪಿನ ಕನೆಕ್ಟರ್ ಕೀಳದೆ ಹಿಂಬದಿಯಿಂದ ಪಿನ್ನಿಗೆ ಮೀಟರ್ ಮುಟ್ಟಿಸಿದರು. ಇಂಜಿನ್ ಓಡುತ್ತಿರಬೇಕು, ಯಾಕೆಂದರೆ ಬರೀ ಕೀ ಹಾಕಿದರೆ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಂತುಬಿಡುತ್ತದೆ. ಬ್ಯಾಟರಿಯಲ್ಲಿ 13.9, ಪಂಪಿನಲ್ಲಿ 10.8. ಮೂರು ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು. ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಪಂಪಿನ ಅರ್ಥ್ ಪಿನ್ನಿಗೆ ಇಟ್ಟಾಗ 2.7 ವೋಲ್ಟ್ ತೋರಿಸಿತು. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು.

ಕಾರ್ಪೆಟ್ ಕೆಳಗೆ ಅರ್ಥ್ ವೈರಿನ ಬೋಲ್ಟ್ ಇತ್ತು. ಯಾವತ್ತೋ ನೀರು ಇಳಿದು ತಗಡು ತುಕ್ಕು ಹಿಡಿದಿತ್ತು, ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್ಗಿನ ಒಳಗೆ ತಾಮ್ರದ ಎಳೆಗಳು ಹಸಿರಾಗಿದ್ದವು. ಪಂಪ್ ಸುಮಾರು 5 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಬರೀ ಅರ್ಧ ಓಮ್ ಅಡ್ಡ ಬಂದರೆ ಎರಡೂವರೆ ವೋಲ್ಟ್ ಹೋಯಿತು. ಓಡುತ್ತಾ ಓಡುತ್ತಾ ಆ ಜಾಗ ಬಿಸಿಯಾಗಿ ಇನ್ನೂ ಕೆಡುತ್ತಿತ್ತು, ನಿಲ್ಲಿಸಿದರೆ ಆರುತ್ತಿತ್ತು. ಇಪ್ಪತ್ತು ನಿಮಿಷದ ಲೆಕ್ಕ ಅದು. ವೈರ್ ಸ್ವಲ್ಪ ಕತ್ತರಿಸಿ ಹೊಸ ಲಗ್ ಹಾಕಿ, ತಗಡು ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಈಗ ಅಲ್ಲಿ 0.1 ವೋಲ್ಟ್.

ನಿಮ್ಮ ಕಾರಿನ ತೊಂದರೆ ನನ್ನದೇ ಆಗಿರಬೇಕು ಅಂತಿಲ್ಲ. ಅದಕ್ಕೇ ಯಾವುದನ್ನೂ ಬಿಚ್ಚುವ ಮೊದಲು ಟ್ರಿಮ್ ಅನ್ನು ಐಡ್ಲಿಂಗ್‌ನಲ್ಲಿ, 2500 ಆರ್‌ಪಿಎಂನಲ್ಲಿ, ಏರಿನಲ್ಲಿ ನೋಡಿಸಿ. ಲೋಡ್ ಬಂದಾಗ ಮಾತ್ರ ಏರಿದರೆ ನನ್ನ ಹಾಗೆ ಪಂಪ್, ಫಿಲ್ಟರ್, ಅದರ ವೈರಿಂಗ್ ಕಡೆ ನೋಡಬೇಕು. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು ಆರ್‌ಪಿಎಂ ಏರಿದಾಗ ಇಳಿದರೆ ಎಲ್ಲೋ ಹೋಸ್ ಬಿರಿದು ಕಳ್ಳಗಾಳಿ ಒಳಗೆ ಹೋಗುತ್ತಿರಬಹುದು. ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಒತ್ತಡ ಅಳೆಯುವಂಥದ್ದು) ಇರುವ ಕಾರಿನಲ್ಲಿ ಮಾತ್ರ ಅದು ಟ್ರಿಮ್‌ನಲ್ಲಿ ಅಷ್ಟು ಕಾಣದೆ, ಐಡ್ಲಿಂಗೇ ಏರಿಕೊಂಡಿರುವುದು ಉಂಟು. ಎಲ್ಲಾ ಕಡೆ ಮೈನಸ್ ಇದ್ದರೆ ಪೆಟ್ರೋಲ್ ಜಾಸ್ತಿ ಬೀಳುತ್ತಿದೆ, ಸೋರುವ ಇಂಜೆಕ್ಟರ್ ಅಥವಾ ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರ್ ನೋಡಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತಾಗ ಒಳಗೆ ಪೆಟ್ರೋಲ್ ಹಸಿ ಕಂಡರೆ ಅದರ ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಹರಿದಿದೆ.

ಬದಲಾಯಿಸಿದ ಹಳೆ ಭಾಗಗಳನ್ನು ಬಿಟ್ಟು ಬರಬೇಡಿ. ನನ್ನ ಹಳೆ ಆಕ್ಸಿಜನ್ ಸೆನ್ಸರನ್ನು ಆ ಹಿರಿಯರು ಮತ್ತೆ ಹಾಕಿ ನೋಡಿದರು. 0.1 ವೋಲ್ಟಿಗೂ 0.9 ವೋಲ್ಟಿಗೂ ನಡುವೆ ಚೆನ್ನಾಗಿ ಆಡುತ್ತಿತ್ತು. ಈಗಲೂ ಕಾರಿನಲ್ಲಿ ಇರುವುದು ಅದೇ.