ಹಳೇ ಜಿಪ್ಸಿ ಕೊಳ್ಳುವ ಮುಂಚೆ ಗಾಡಿ ಕೆಳಗೆ ಒಮ್ಮೆ ಮಲಗಿ

ನನ್ನದು 2005ರ ಮಾರುತಿ ಜಿಪ್ಸಿ, 1.3 ಲೀಟರ್ ಪೆಟ್ರೋಲ್. ಸೆಕೆಂಡ್ ಹ್ಯಾಂಡ್ ಕೊಂಡು ಕೆಲವು ವರ್ಷ ಆಯಿತು. ಮನೆ ಬನಶಂಕರಿಯಲ್ಲಿ, ತೋಟ ಕನಕಪುರದ ಆಚೆ. ಮಳೆಗಾಲದ ಕೆಸರಲ್ಲಿ ಇದು ಕೈಕೊಟ್ಟಿದ್ದೇ ಇಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮಾತ್ರ ತೋಳು ಬಿದ್ದುಹೋಗುತ್ತೆ, ಪವರ್ ಸ್ಟೀರಿಂಗ್ ಇಲ್ಲ ನೋಡಿ. ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಹಂಪ್ ಬಂದಾಗ ಹಿಂದೆ ಕೂತವರ ಬೈಗುಳ ಖಾಯಂ. ಊರೊಳಗೆ ಮೈಲೇಜ್ ಹತ್ತು ದಾಟಲ್ಲ.

ಕೊಳ್ಳಲು ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ಎಂಜಿನ್‌ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕೆಟ್ಟರೆ ರಿಪೇರಿ ಮಾಡಿಸಬಹುದು, ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಾಮಾನು ಸಿಗುತ್ತೆ. ಚಾಸಿ, ಅಂದರೆ ಇಡೀ ಗಾಡಿಯನ್ನು ಹೊತ್ತ ಕೆಳಗಿನ ಉಕ್ಕಿನ ಚೌಕಟ್ಟು, ತುಕ್ಕು ಹಿಡಿದಿದ್ದರೆ ಏನು ಮಾಡ್ತೀರಿ? ಕೆಳಗೆ ಹೊಸದಾಗಿ ಕಪ್ಪು ಬಣ್ಣ ಮೆತ್ತಿದ್ದರೆ ಅನುಮಾನ ಪಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಸರಿ, ದಬ್ ಅಂದರೆ ಒಳಗೆ ಟೊಳ್ಳು. ನನ್ನ ಗಾಡಿಯಲ್ಲೂ ಕೊಳ್ಳುವಾಗ ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಬಣ್ಣ ಕೆರೆದರೆ ಪುಟ್ಟಿ ಉದುರಿತು. ವೆಲ್ಡಿಂಗ್ ಖರ್ಚು ಮುರಿದುಕೊಂಡೇ ದುಡ್ಡು ಕೊಟ್ಟೆ. ಚಾಸಿ ನಂಬರ್ ಓದಲು ಬರುತ್ತಾ ಅಂತಲೂ ನೋಡಿ. ಅದು ಅಳಿಸಿದ್ದರೆ ಆರ್‌ಟಿಒದಲ್ಲಿ ಅಲೆದಾಟ ತಪ್ಪಲ್ಲ.

ಮುಂದಿನ ಚಕ್ರದ ಒಳಮಗ್ಗುಲಲ್ಲಿ ಗ್ರೀಸ್ ಸೋರಿದ್ದರೆ ನಕಲ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಸೀಲ್ ಹೋಗಿದೆ ಅಂತ. ಅರವತ್ತರ ಸ್ಪೀಡಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಅಲ್ಲಿನ ಬೇರಿಂಗ್ ಮೇಲೂ ಒಂದು ಕಣ್ಣಿರಲಿ. ಫೋರ್ ವೀಲ್ ಹಾಕಿ ನೋಡುವುದು ಮಣ್ಣಿನ ಮೇಲೆ ಮಾತ್ರ. ಇದರಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲ. ಒಣ ಟಾರ್ ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಗೇರುಗಳು ಬಿಗಿದುಕೊಳ್ಳುತ್ತವೆ.

ಇನ್ನು ಕಾಗದ ಪತ್ರ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ರಿನ್ಯೂವಲ್ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ಮೀರಿದವಕ್ಕೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಹಳೇ ಪೆಟ್ರೋಲ್ ಗಾಡಿಗಳಿಗೆ ದೆಹಲಿಯಲ್ಲಿ ನಿರ್ಬಂಧ ಬಂದಮೇಲೆ ಅಲ್ಲಿಂದ ಅಗ್ಗಕ್ಕೆ ಸಿಗುತ್ತೆ ಅಂತ ಆಸೆ ತೋರಿಸುವವರು ಬಹಳ. ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರದೆ ಅಡ್ವಾನ್ಸ್ ಕೊಡಬೇಡಿ. ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿದರೆ ಆ ಅಗ್ಗ ಎಷ್ಟು ಉಳಿಯುತ್ತೆ ಅಂತ ನೀವೇ ನೋಡಿ.

ಏರ್‌ಬ್ಯಾಗ್, ಎಬಿಎಸ್ ಎರಡೂ ಇಲ್ಲ. ತೋಟಕ್ಕೆ ನನಗೆ ಇದೇ ಸಾಕು. ಮಕ್ಕಳನ್ನು ಕೂರಿಸಿಕೊಂಡು ಮೈಸೂರು ಹೈವೇಗೆ ಹೋಗಬೇಕೆಂದರೆ ಬೇರೆ ಕಾರಿನ ಕೀ ತೆಗೆಯುತ್ತೇನೆ. ಮನೆಗೆ ಇರುವುದು ಒಂದೇ ಗಾಡಿ ಅನ್ನುವವರಿಗೆ ನಾನಂತೂ ಹಳೇ ಜಿಪ್ಸಿ ಹೇಳಲ್ಲ.