ವಕೀಲರ ಪಾಡ್‌ಕಾಸ್ಟ್: ಎಲ್ಲಿ ಹಾಕಿದರೆ ಯಾರು ಕೇಳುತ್ತಾರೆ?

ಪಾಡ್‌ಕಾಸ್ಟನ್ನು ಜನರಿಗೆ ತಲುಪಿಸುವುದು ಹೇಗೆ ಅಂತ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿಯ ವಕೀಲರು ಜಾಹೀರಾತು ಕೊಡಬಹುದು ಅಂತ ಅವರ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿಬಿಟ್ಟಿದೆ. ಹಾಗಾಗಿ ಅವರು ಆರಾಮಾಗಿ "ಕೊನೆಗೆ ಫೋನ್ ನಂಬರ್ ಹೇಳಿ, ಮೊದಲ ಭೇಟಿ ಉಚಿತ ಅನ್ನಿ, ಸ್ವಲ್ಪ ದುಡ್ಡು ಹಾಕಿ ಬೂಸ್ಟ್ ಮಾಡಿ" ಅನ್ನುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಕಕ್ಷಿದಾರರಿಗಿಂತ ಮೊದಲು ವಕೀಲರ ಶಿಸ್ತು ನೋಡುವ ಬಾರ್ ಕೌನ್ಸಿಲ್‌ನ ನೋಟಿಸು ಮನೆಗೆ ಬಂದೀತು.

ನಾನು ಜಿಲ್ಲಾ ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವಳು. ಭಾಗದ ದಾವೆ, ಖಾತೆ ತಕರಾರು, ಜೊತೆಗೆ ಚೆಕ್ ಬೌನ್ಸ್. ಪಾಡ್‌ಕಾಸ್ಟಿನ ವಿಷಯವೂ ಇವೇ. ಕನ್ನಡದಲ್ಲಿ, ಇಪ್ಪತ್ತು ನಿಮಿಷ ಮೀರದಂತೆ. ಅದನ್ನು ಜನರಿಗೆ ತಲುಪಿಸಲು ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿಕೊಂಡೆ. ಯಾರ ಕಿವಿಗೆ ಬಿತ್ತು? ವಕೀಲರು ಜಾಹೀರಾತು ಕೊಡಬಾರದು ಅನ್ನುವ 36ನೇ ನಿಯಮದ ಗೆರೆಗೆ ಎಷ್ಟು ಹತ್ತಿರ ಹೋಯಿತು?

ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಈ ನಿಯಮದ ಪ್ರಕಾರ ವಕೀಲರು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸ ಕೇಳುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಸುತ್ತೋಲೆ, ದಲ್ಲಾಳಿ, ಖಾಸಗಿ ಸಂದೇಶ, ನಡೆಸುತ್ತಿರುವ ಕೇಸಿನ ಜೊತೆ ಫೋಟೋ, ಎಲ್ಲವೂ ಅದರೊಳಗೆ ಬರುತ್ತವೆ. ಬೋರ್ಡು ಕೂಡ ಹದವಾದ ಅಳತೆಯಲ್ಲೇ ಇರಬೇಕು. 2008ರಲ್ಲಿ ವೆಬ್‌ಸೈಟಿಗೆ ಸ್ವಲ್ಪ ಬಾಗಿಲು ತೆರೆದರು. ಹೆಸರು, ವಿಳಾಸ, ನೋಂದಣಿ ವಿವರ, ಓದು, ಯಾವ ಬಗೆಯ ಕೇಸು, ಅಷ್ಟು ಹಾಕಬಹುದು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಆನ್‌ಲೈನ್ ಜಾಹೀರಾತಿನ ವಿರುದ್ಧ ಗಟ್ಟಿ ತೀರ್ಪು ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಬಾರ್ ಕೌನ್ಸಿಲ್ ಪ್ರಚಾರದ ವಿಡಿಯೊ, ಇನ್‌ಫ್ಲುಯೆನ್ಸರ್‌ಗಳ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಕಾನೂನಿನ ಬಗ್ಗೆ ಮಾತಾಡಬೇಡಿ ಅಂತ ಯಾರೂ ಹೇಳಿಲ್ಲ. ನನ್ನ ಹತ್ತಿರ ಬನ್ನಿ ಅಂತ ಹೇಳಬಾರದು, ಅಷ್ಟೇ.

ಫೈಲು ಎಲ್ಲಿಡುವುದು?

ಮೊದಲು ನೋಡಿದ್ದು ಸ್ಪಾಟಿಫೈ ಫಾರ್ ಕ್ರಿಯೇಟರ್ಸ್. ಹಿಂದೆ ಆ್ಯಂಕರ್ ಅಂತ ಇತ್ತಲ್ಲ, ಅದೇ. ಪೂರ್ತಿ ಉಚಿತ, ಫೋನಿನಲ್ಲೇ ಕೆಲಸ ಮುಗಿಯುತ್ತದೆ. ಕೈಯಿಂದ ಒಂದು ರೂಪಾಯಿಯೂ ಹಾಕದೆ ಶುರು ಮಾಡುವ ಜೂನಿಯರ್‌ಗಳಿಗೆ ಇದೇ ಸಾಕು. ಆರ್‌ಎಸ್‌ಎಸ್ ಫೀಡ್ ಆನ್ ಆಗಿದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ಮಾತ್ರ ನೋಡಿಕೊಳ್ಳಿ. ಎಪಿಸೋಡುಗಳ ಪಟ್ಟಿ ಇರುವ ವೆಬ್ ವಿಳಾಸ ಅದು. ಆ ಫೀಡ್ ಇಲ್ಲದೆ ಬೇರೆ ಆ್ಯಪ್‌ಗಳಿಗೆ ಎಪಿಸೋಡು ಹೋಗುವುದಿಲ್ಲ.

ಇನ್ನೊಂದು ದಾರಿ ಬಝ್‌ಸ್ಪ್ರೌಟ್, ಪಾಡ್‌ಬೀನ್ ಥರದ, ಆಡಿಯೊ ಫೈಲು ಇಟ್ಟುಕೊಂಡು ಫೀಡ್ ನಡೆಸುವ ಹೋಸ್ಟ್‌ಗಳು. ಬಝ್‌ಸ್ಪ್ರೌಟ್‌ನ ಉಚಿತ ಪ್ಲಾನಿನಲ್ಲಿ ಎಪಿಸೋಡು 90 ದಿನ ಮಾತ್ರ ಇರುತ್ತದೆ, ಆಮೇಲೆ ಹೋಗುತ್ತದೆ. ಕಾನೂನಿನ ಎಪಿಸೋಡನ್ನು ಜನ ಹುಡುಕುವುದು ತಮಗೆ ತೊಂದರೆ ಬಂದ ದಿನ, ನಾವು ಹಾಕಿದ ವಾರ ಅಲ್ಲ. ಹಾಗಾಗಿ ನಮಗೆ ಆ ಉಚಿತ ಪ್ಲಾನು ಹೊಂದುವುದಿಲ್ಲ. ದುಡ್ಡಿನ ಪ್ಲಾನಿಗೆ ಡಾಲರ್ ಲೆಕ್ಕ. ನಾನು ಕೊನೆಗೆ ಹಿಡಿದಿದ್ದು ಇಂಥದ್ದೇ ಒಂದನ್ನು. ಕಾರಣ, ನಾಳೆ ಬೇಡ ಅನಿಸಿದರೆ ಹಳೇ ಫೀಡ್ ವಿಳಾಸದಿಂದ ಹೊಸದಕ್ಕೆ ಕೇಳುಗರನ್ನು ದಾಟಿಸುವ ವ್ಯವಸ್ಥೆ ಚೆನ್ನಾಗಿದೆ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ ಮುಚ್ಚಿದಾಗ ಸ್ವಂತ ಫೀಡ್ ಇದ್ದವರ ಕಾರ್ಯಕ್ರಮ ಉಳಿದ ಆ್ಯಪ್‌ಗಳಲ್ಲಿ ನಡೆಯುತ್ತಲೇ ಇತ್ತು.

ಫೀಡಿಗೆ ಕೊಡುವ ಇಮೇಲ್ ವಿಳಾಸವನ್ನು ಹೊರಗಿನವರೂ ನೋಡಬಹುದು. ಕಕ್ಷಿದಾರರ ಕಾಗದಪತ್ರ ಬರುವ ಇಮೇಲನ್ನು ಅಲ್ಲಿ ಕೊಡಬೇಡಿ, ಬೇರೆಯದನ್ನು ತೆರೆಯಿರಿ. ಆ್ಯಪಲ್ ಪಾಡ್‌ಕಾಸ್ಟ್ಸ್‌ಗೆ ಒಮ್ಮೆ ಫೀಡ್ ಕೊಟ್ಟರೆ ಮುಗಿಯಿತು. ಅಲ್ಲಿ ಕಾನೂನು ಅನ್ನುವ ವಿಭಾಗವೇ ಇಲ್ಲ. ಸರ್ಕಾರ, ಶಿಕ್ಷಣ, ಸಮಾಜ, ಇವುಗಳಲ್ಲೇ ಒಂದನ್ನು ಆರಿಸಬೇಕು. ನಾನು ಶಿಕ್ಷಣ ಅಂತ ಹಾಕಿದೆ. ಅಲ್ಲಿಂದ ಬಂದ ಕೇಳುಗರು ಬಹುತೇಕ ಬೆಂಗಳೂರಿನವರು, ಇಲ್ಲವೇ ಊರಿನ ಜಮೀನಿನ ಚಿಂತೆಯಲ್ಲಿರುವ ಹೊರದೇಶದ ಕನ್ನಡಿಗರು.

ಯೂಟ್ಯೂಬ್ ಮತ್ತು ವಾಟ್ಸಾಪ್

ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆ.

ಯೂಟ್ಯೂಬ್‌ಗೆ ಫೀಡನ್ನೇ ಜೋಡಿಸಬಹುದು. ಮುಖಪುಟದ ಚಿತ್ರವನ್ನೇ ಇಟ್ಟು ಆಡಿಯೊವನ್ನು ಅದು ವಿಡಿಯೊ ಮಾಡಿಕೊಳ್ಳುತ್ತದೆ. ಕ್ಯಾಮೆರಾ ಬೇಡ, ಕೋಟು ಬ್ಯಾಂಡು ಬೇಡವೇ ಬೇಡ. (ಕೋಟು ಹಾಕಿಕೊಂಡು ರೀಲ್ಸ್ ಮಾಡುವವರನ್ನು ನೋಡಿದರೆ ನನಗೇ ಮುಜುಗರ.) ಅಪರಿಚಿತರನ್ನು ಕರೆತರುವುದರಲ್ಲಿ ಇದಕ್ಕೆ ಸಾಟಿ ಇಲ್ಲ. "ಅಪ್ಪನ ಆಸ್ತಿಯಲ್ಲಿ ಮಗಳಿಗೆ ಪಾಲು" ಅಂತ ಜನ ಟೈಪ್ ಮಾಡುವುದು ಅಲ್ಲೇ. ವಿವರಣೆಯಲ್ಲಿ 00:00ಯಿಂದ ಶುರುಮಾಡಿ ಸಮಯ ಬರೆದರೆ ಬೇಕಾದ ಭಾಗಕ್ಕೆ ನೇರ ಹೋಗಬಹುದು. ಆತುರದಲ್ಲಿರುವವರಿಗೆ ಅದು ದೊಡ್ಡ ಉಪಕಾರ.

ತಲೆನೋವು ಕಾಮೆಂಟುಗಳದ್ದು. "ಮೇಡಂ, ನಮ್ಮಣ್ಣ ಒಬ್ನೇ ಖಾತೆ ಮಾಡಿಸ್ಕೊಂಡಿದಾನೆ, ಸರ್ವೆ ನಂಬರ್ ಇದು, ನಿಮ್ಮ ನಂಬರ್ ಕಳ್ಸಿ." ಇಂಥವು ಬರುತ್ತಲೇ ಇರುತ್ತವೆ. ಪಾಪ, ಅಣ್ಣನ ಹೆಸರು, ಊರು ಎಲ್ಲವನ್ನೂ ಬಹಿರಂಗವಾಗಿ ಬರೆದಿರುತ್ತಾರೆ. ನಂಬರ್ ಕೊಟ್ಟರೆ ಕೆಲಸ ಕೇಳಿದಂತಾಗುತ್ತದೆ. ದಾಖಲೆ ನೋಡದೆ ಉತ್ತರ ಕೊಟ್ಟರೆ ತಪ್ಪು ಸಲಹೆ. ಸುಮ್ಮನಿದ್ದರೆ ಮನಸ್ಸು ಒಪ್ಪುವುದಿಲ್ಲ. ಈಗ ನಾನು ಕಾಮೆಂಟುಗಳನ್ನು ಮೊದಲು ನೋಡಿ ಆಮೇಲೆ ಬಿಡುತ್ತೇನೆ. ಮೇಲೆ ಒಂದು ಪಿನ್ ಮಾಡಿದ ಸಾಲು ಇರುತ್ತದೆ: ಉಚಿತ ಕಾನೂನು ನೆರವಿನ ಸಹಾಯವಾಣಿ 15100, ಇಲ್ಲವೇ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಈ ನೆರವು ಸಿಗುತ್ತದೆ. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ.

ಇನ್ನೊಂದು ವಿಷಯ. ನಿಮ್ಮ ಚಾನೆಲ್ಲು ಹಣ ಗಳಿಸುವ ಹಂತಕ್ಕೆ ಬರದಿದ್ದರೂ ಯೂಟ್ಯೂಬ್ ಜಾಹೀರಾತು ತೋರಿಸಬಹುದು. ವಕೀಲರೊಬ್ಬರ ಮಾತಿನ ಮುಂದೆ ಯಾವ ಜಾಹೀರಾತು ಬರುತ್ತದೋ ಅದು ನಮ್ಮ ಕೈಯಲ್ಲಿಲ್ಲ. ಫೀಡಿನಲ್ಲಿ ಆ ರಗಳೆ ಇಲ್ಲ.

ವಾಟ್ಸಾಪ್‌ನದ್ದು ಬೇರೆಯೇ ಲೋಕ. ಆಡಿಯೊದ ಗುಣಮಟ್ಟವನ್ನು ಮೋನೋ, 64 ಕೆಬಿಪಿಎಸ್‌ಗೆ ಇಳಿಸಿದರೆ ಇಪ್ಪತ್ತು ನಿಮಿಷದ ಎಪಿಸೋಡು 10 ಎಂಬಿ ಒಳಗೇ ಬರುತ್ತದೆ. ಮಾತಿಗೆ ಅಷ್ಟು ಸಾಕು. ಲಿಂಕ್ ಕಳಿಸಿ ನೋಡಿದೆ, ಫೈಲನ್ನೇ ಕಳಿಸಿಯೂ ನೋಡಿದೆ. ಲಿಂಕ್ ಒತ್ತಿದರೆ ಆ್ಯಪ್ ಹಾಕಿಕೊಳ್ಳಿ ಅನ್ನುತ್ತದೆ, ಲಾಗಿನ್ ಕೇಳುತ್ತದೆ, ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫೈಲಾದರೆ ಒತ್ತಿದ ಕೂಡಲೇ ಮಾತು ಶುರು. ಚೆಕ್ ಬೌನ್ಸ್ ಎಪಿಸೋಡು ಅಂಗಡಿಯವರ ನಡುವೆ ಹಾಗೇ ಓಡಾಡಿತು. ಚೆಕ್ ವಾಪಸಾಯಿತು ಅನ್ನುವ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಚೆಕ್ ಕೊಟ್ಟವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಇಷ್ಟು ಗೊತ್ತಿಲ್ಲದೆ ದಿನ ದಾಟಿಸಿಕೊಂಡು ಬರುವವರು ಎಷ್ಟೋ ಜನ. ಅವರಿಗೆ ಬೇಕಾಗಿದ್ದೂ ಅದೇ.

ಫೈಲು ಫಾರ್ವರ್ಡ್ ಆದಾಗ ಕೆಳಗೆ ಬರೆದ ವಿವರಣೆ ಉದುರಿಹೋಗಬಹುದು. ಹಾಕಿದ ದಿನಾಂಕವೂ ಹೋಗುತ್ತದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಎಲ್ಲರ ಬಾಯಲ್ಲಿದ್ದ 420 ಈಗ 318ನೇ ಕಲಮಿನೊಳಗೆ ಕೂತಿದೆ. ಆದರೂ ಹಳೇ ಆಡಿಯೊಗಳು ಇವತ್ತಿಗೂ ಸುತ್ತುತ್ತಿವೆ. ಅದಕ್ಕೇ ಪ್ರತಿ ಎಪಿಸೋಡಿನ ಶುರುವಿನಲ್ಲೇ ತಿಂಗಳು, ವರ್ಷ ಬಾಯಲ್ಲೇ ಹೇಳುತ್ತೇನೆ. ಇದು ಸಾಮಾನ್ಯ ಮಾಹಿತಿ, ನಿಮ್ಮ ಕೇಸಿಗೆ ಸಲಹೆ ಅಲ್ಲ ಅನ್ನುವ ಮಾತೂ ಅಲ್ಲೇ ಬರಬೇಕು.

ವಾಟ್ಸಾಪ್ ಒಳಗೂ ಮೂರು ದಾರಿ. ಗ್ರೂಪ್ ಬೇಡವೇ ಬೇಡ. ಕಕ್ಷಿದಾರರನ್ನೆಲ್ಲ ಒಂದು ಗ್ರೂಪಿಗೆ ಸೇರಿಸಿದರೆ ಯಾರು ಯಾರು ನಿಮ್ಮ ಹತ್ತಿರ ಬರುತ್ತಾರೆ ಅನ್ನುವುದು ಒಬ್ಬರಿಗೊಬ್ಬರಿಗೆ ತಿಳಿದುಹೋಗುತ್ತದೆ. ಎದುರಾಳಿಯ ಭಾವಮೈದುನ ಅದೇ ಗ್ರೂಪಿನಲ್ಲಿದ್ದರೆ? ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಜೊತೆಗೆ, ಕೇಳದವರಿಗೆ ನಾವೇ ಕಳಿಸಿದರೆ ಅದು ನಿಯಮ ಹೇಳುವ ಖಾಸಗಿ ಸಂದೇಶವೇ ಆಗುತ್ತದಲ್ವಾ? ಉಳಿದದ್ದು ಚಾನೆಲ್. 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬಂತು. ಬೇಕಾದವರು ತಾವೇ ಬಂದು ಸೇರುತ್ತಾರೆ, ಅವರ ನಂಬರ್ ಉಳಿದ ಸದಸ್ಯರಿಗೆ ಕಾಣಿಸುವುದಿಲ್ಲ. ವಕೀಲರಿಗೆ ಹೇಳಿ ಮಾಡಿಸಿದಂತಿದೆ. ಎಷ್ಟು ಜನ ಪೂರ್ತಿ ಕೇಳಿದರು ಅನ್ನುವ ಲೆಕ್ಕ ಸಿಗುವುದಿಲ್ಲ, ನಿಜ. ನನಗೆ ಆ ಲೆಕ್ಕಕ್ಕಿಂತ ಕೇಳುಗರೇ ಮುಖ್ಯ. ಎರಡರಲ್ಲಿ ಒಂದೇ ಇಟ್ಟುಕೊಳ್ಳಿ ಅಂದರೆ ಯೂಟ್ಯೂಬ್ ಬಿಟ್ಟು ಇದನ್ನು ಉಳಿಸಿಕೊಳ್ಳುತ್ತೇನೆ.

ರೀಲ್ಸ್ ಮತ್ತು ಉಳಿದವು

ಇನ್‌ಸ್ಟಾಗ್ರಾಂ ರೀಲ್ಸ್ ನೋಡುವವರು ಜಾಸ್ತಿ, ಅಲ್ಲಿಂದ ಪೂರ್ತಿ ಎಪಿಸೋಡಿಗೆ ಬರುವವರು ಕಡಿಮೆ. ನನ್ನ ತಕರಾರು ಅದಲ್ಲ. ಕಾನೂನಿನ ಜೀವ ಇರುವುದು "ಆದರೆ" ಅನ್ನುವ ಮಾತಿನ ನಂತರ. ರೀಲ್ ಮುಗಿಯುವುದು ಅದಕ್ಕೂ ಮೊದಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂದರೆ ಲೈಕುಗಳು ಬೀಳುತ್ತವೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಆಸ್ತಿ ವಿಭಾಗವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮುಟ್ಟುವುದಿಲ್ಲ. ಇದನ್ನು ಬಿಟ್ಟು ಹೇಳಿದರೆ ಯಾವುದೋ ಊರಿನಲ್ಲಿ ಒಬ್ಬ ಹೆಣ್ಣುಮಗಳು ಅಣ್ಣತಮ್ಮಂದಿರ ಹತ್ತಿರ ಸುಮ್ನೆ ಜಗಳ ಕಟ್ಟಿಕೊಳ್ಳುತ್ತಾಳೆ. ನಾನು ರೀಲ್ ಹಾಕುವುದು ಗಡುವುಗಳ ಬಗ್ಗೆ ಮಾತ್ರ. ಹೈಕೋರ್ಟಿನ ಲೈವ್ ಕಲಾಪದ ತುಣುಕನ್ನು ಕತ್ತರಿಸಿ ಅಂಟಿಸುವ ಆಸೆ ಇದ್ದರೆ ಬಿಡಿ. ಕರ್ನಾಟಕದ ನೇರಪ್ರಸಾರ ನಿಯಮಗಳು ಅನುಮತಿ ಇಲ್ಲದೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಲಿಂಕ್ಡ್‌ಇನ್‌ನಲ್ಲಿ ವಕೀಲರು ವಕೀಲರಿಗೆ "ಅಭಿನಂದನೆ" ಅನ್ನುತ್ತಾರೆ. ಅತಿಥಿ ಹುಡುಕಲು ಒಳ್ಳೆಯ ಜಾಗ, ಕೇಳುಗರಿಗಲ್ಲ.

ದುಡ್ಡು ಕೊಟ್ಟು ಬೂಸ್ಟ್ ಮಾಡುವುದನ್ನು ನಾನು ಪ್ರಯೋಗಕ್ಕೂ ಮುಟ್ಟಲಿಲ್ಲ. ಎಪಿಸೋಡಿಗೆ ಮಾಡಿದ್ದು, ನನಗಲ್ಲ ಅಂತ ವಾದಿಸಬಹುದು. ಆ ವಾದವನ್ನು ಶಿಸ್ತು ಸಮಿತಿಯ ಮುಂದೆ ನಿಂತು ಮಾಡುವ ಉಮೇದು ನನಗಿಲ್ಲ.

ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ದಾರಿ ಸಮುದಾಯ ಬಾನುಲಿ. ಬೆಂಗಳೂರಿನ ರೇಡಿಯೊ ಆ್ಯಕ್ಟಿವ್, ಮಂಗಳೂರಿನ ಸಾರಂಗ್ ಥರದ ಕೇಂದ್ರಗಳು ಗೊತ್ತಲ್ಲ? ನಮ್ಮ ಕಡೆಯ ಒಂದು ಕೇಂದ್ರಕ್ಕೆ ಕೆಲವು ಎಪಿಸೋಡು ಕೊಟ್ಟೆ. ಅವರು ಕೇಳಿದ್ದು ಇಷ್ಟೇ: ಇಂಗ್ಲಿಷ್ ಪದ ಕಡಿಮೆ ಮಾಡಿ, ಪಹಣಿಯ ಯಾವ ಕಾಲಂ ನೋಡಬೇಕು ಅಂತ ನಿಧಾನವಾಗಿ ಎರಡು ಸಲ ಹೇಳಿ. ಹೆಸರಿನ ಜೊತೆ ವಕೀಲೆ ಅಂತ ಮಾತ್ರ ಹೇಳುತ್ತಾರೆ, ನಂಬರ್ ಓದುವುದಿಲ್ಲ. 36ನೇ ನಿಯಮದ ಭಯ ತೀರಾ ಕಡಿಮೆ ಇರುವುದು ಇಲ್ಲೇ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರೂ ಕೇಳುತ್ತಾರೆ. ಕಾಲಂಗಳನ್ನು ನಿಧಾನವಾಗಿ ಹೇಳಿದ ಆ ರೆಕಾರ್ಡಿಂಗನ್ನೇ ಈಗ ಫೀಡಿಗೂ ಹಾಕುತ್ತಿದ್ದೇನೆ. ಮೊದಲಿನ ಅವಸರದ ಆವೃತ್ತಿಗಿಂತ ಇದೇ ಜಾಸ್ತಿ ಫಾರ್ವರ್ಡ್ ಆಗುತ್ತಿದೆ.